ಜರ್ಮನಿ ದಿನಚರಿ – 14: ಈ ವಾರ ಪೊರಕೆ ಯಾರ ಕೈಲಿ?

ಎರಡು ವಾರ ನೈಟ್ ಡ್ಯೂಟಿ ಇತ್ತು, ಬರೆಯೋಕೆ ಆಗಲಿಲ್ಲ. ಹೋದ ಸಲ ನಮ್ಮೆಜಮಾನ್ರು ಮೆಟ್ಟಿಲು ಒರೆಸುತ್ತಿದ್ದ ಫೋಟೋ ಹಾಕಿದ್ದೆ ನೋಡಿ, ಅದಕ್ಕೆ ಬಂದ ಕಾಮೆಂಟುಗಳನ್ನೆಲ್ಲ ಓದಿದೆ. "ಜರ್ಮನಿಗೆ ಹೋಗಿ ಕಸ ಗುಡಿಸೋದಾ?" ಅಂತ ಊರಿನವರು ತಮಾಷೆ ಮಾಡಿದ್ದೀರಿ. ನಾನು ನಕ್ಕೆ. ಅವರು ನಗಲಿಲ್ಲ. ಅದಕ್ಕೇ ಇವತ್ತು ಸ್ವಲ್ಪ ಹಳೇ ಕಥೆ.

ಆ ಫೋಟೋದಲ್ಲಿ ಇದ್ದದ್ದು 'ಕೇರ್‌ವೋಖೆ', ಅಂದರೆ ಗುಡಿಸುವ ವಾರ. ನಾವಿರುವ ಸ್ಟುಟ್‌ಗಾರ್ಟ್ ಕಡೆ ಇದು ದೊಡ್ಡ ಸಂಪ್ರದಾಯ. ಅಪಾರ್ಟ್‌ಮೆಂಟಿನ ಬಾಗಿಲಿಗೆ ಒಂದು ಚಿಕ್ಕ ಬೋರ್ಡ್ ನೇತು ಹಾಕುತ್ತಾರೆ. ಬೋರ್ಡ್ ಯಾರ ಬಾಗಿಲಲ್ಲಿದೆಯೋ ಆ ವಾರ ಮೆಟ್ಟಿಲು ಅವರದು. ಮುಗಿದ ಮೇಲೆ ಪಕ್ಕದ ಬಾಗಿಲಿಗೆ. ಇದರ ಬೇರು 1492ರ ಸ್ಟುಟ್‌ಗಾರ್ಟ್ ನಗರದ ಕಟ್ಟಳೆಯಲ್ಲಿದೆ. ಪ್ರತಿಯೊಬ್ಬರೂ ತಮ್ಮ ಮನೆಯ ತಿಪ್ಪೆಯನ್ನು ವಾರಕ್ಕೊಮ್ಮೆ ಊರಾಚೆ ಸಾಗಿಸಬೇಕು ಅಂತ ಆಗ ನಿಯಮ ಮಾಡಿದ್ದರು. 1714ರಲ್ಲಿ ಡ್ಯೂಕ್ ಎಬರ್‌ಹಾರ್ಡ್ ಲುಡ್ವಿಗ್ ಬೀದಿ ಸ್ವಚ್ಛತೆಗೇ ಒಂದು ಆದೇಶ ಹೊರಡಿಸಿದ. ನಗರಸಭೆಯ ಕಡ್ಡಾಯ 1988ರಲ್ಲಿ ಹೋಯಿತು. ಈಗ ಬಾಡಿಗೆ ಕರಾರಿನಲ್ಲಿ ಬರೆದಿರುತ್ತಾರೆ, ಅಷ್ಟೇ.

ಆ ಬೋರ್ಡ್ ಬರೀ ಮನೆಗೆ ಸೇರಿದ್ದು. ಮನೆಯೊಳಗೆ ಪೊರಕೆ ಹಿಡಿಯೋದು ಗಂಡನೋ ಹೆಂಡತಿಯೋ ಅಂತ ಅದು ಹೇಳಲ್ಲ. ಅದನ್ನು ಹೇಳಿದ್ದು ದೇಶದ ಕಾನೂನು! 1900ರ ಜನವರಿ 1ರಂದು ಜಾರಿಗೆ ಬಂದ ಜರ್ಮನ್ ಸಿವಿಲ್ ಸಂಹಿತೆಯ 1356ನೇ ಕಲಮಿನಲ್ಲಿ, ಮನೆ ನಡೆಸುವುದು ಹೆಂಡತಿಯ ಹಕ್ಕು ಮತ್ತು ಕರ್ತವ್ಯ ಅಂತ ಬರೆದಿತ್ತು. ಸಂಸಾರದ ವಿಷಯಗಳಲ್ಲಿ ಕೊನೇ ಮಾತು ಗಂಡನದು. ಕೋರ್ಟಿನ ಅನುಮತಿ ಪಡೆದು ಅವನು ಹೆಂಡತಿಯ ಕೆಲಸವನ್ನೇ ಬಿಡಿಸಬಹುದಿತ್ತು. 1958ರ ಜುಲೈ 1ರಿಂದ ಪಶ್ಚಿಮ ಜರ್ಮನಿಯಲ್ಲಿ ಸ್ವಲ್ಪ ಸಡಿಲವಾಯಿತು. ಹೆಂಡತಿ ಕೆಲಸಕ್ಕೆ ಹೋಗಬಹುದು, ಆದರೆ ಗಂಡ-ಮಕ್ಕಳು-ಮನೆ ಕರ್ತವ್ಯಕ್ಕೆ ತೊಂದರೆ ಆಗದಷ್ಟು ಮಾತ್ರ. 1977ರ ಜುಲೈ 1ರಂದು ಆ ಸಾಲು ಬದಲಾಯಿತು. ಮನೆ ಹೇಗೆ ನಡೆಯಬೇಕು ಅಂತ ಗಂಡ ಹೆಂಡತಿ ಪರಸ್ಪರ ಒಪ್ಪಿ ತೀರ್ಮಾನಿಸಬೇಕು, ದುಡಿಯುವ ಹಕ್ಕು ಇಬ್ಬರಿಗೂ ಇದೆ. ನಮ್ಮಮ್ಮ ಹೈಸ್ಕೂಲಲ್ಲಿ ಓದುತ್ತಿದ್ದ ಕಾಲ ಅದು. ಯುರೋಪ್ ಮೊದಲಿಂದಲೂ ಹೀಗೇ ಅಂದುಕೊಂಡಿದ್ದೆ ನಾನು.

ನಮ್ಮ ವಾರ್ಡಿನ ಸೀನಿಯರ್ ಸಿಸ್ಟರ್ ಒಬ್ಬರು ಪೂರ್ವ ಜರ್ಮನಿಯಲ್ಲಿ ಬೆಳೆದವರು. ಅಲ್ಲಿ ಬಹುತೇಕ ಹೆಂಗಸರು ಹೊರಗೆ ದುಡಿಯುತ್ತಿದ್ದರು. 1952ರಿಂದ ಮದುವೆಯಾದ ಕೆಲಸಗಾರ್ತಿಯರಿಗೆ ತಿಂಗಳಿಗೆ ಒಂದು ದಿನ ಸಂಬಳ ಸಮೇತ 'ಮನೆಗೆಲಸದ ರಜೆ' ಇತ್ತು. "ಅಮ್ಮನ ರಜೆ ಅಂದರೆ ಮನೆ ತುಂಬ ಒದ್ದೆ ಬಟ್ಟೆ" ಅಂತ ಆಕೆ ನೆನೆಸಿಕೊಂಡರು. ಒಳ್ಳೇ ಸೌಲಭ್ಯವೇ. ಆದರೆ ಮನೆಗೆಲಸ ಹೆಂಗಸಿನದೇ ಅಂತ ಸರ್ಕಾರವೇ ಸೀಲ್ ಹೊಡೆದ ಹಾಗೂ ಆಯಿತಲ್ಲ? ಪಶ್ಚಿಮದ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದಲ್ಲೂ 1948ರಿಂದ ಇಂಥದೇ ಕಾನೂನಿತ್ತು. ಒಂಟಿಯಾಗಿದ್ದ ಒಬ್ಬ ಗಂಡಸು, "ನನಗೂ ಮನೆ ಇದೆ, ನಾನೂ ಪಾತ್ರೆ ತೊಳೀತೀನಿ" ಅನ್ನೋ ವಾದದೊಂದಿಗೆ ಸಂವಿಧಾನ ನ್ಯಾಯಾಲಯದವರೆಗೆ ಹೋದ. ಒಂಟಿ ಹೆಂಗಸಿಗೆ ಕೊಟ್ಟು ಒಂಟಿ ಗಂಡಸಿಗೆ ಕೊಡದಿರುವುದು ಸಮಾನತೆಗೆ ವಿರುದ್ಧ ಅಂತ 1979ರ ನವೆಂಬರ್‌ನಲ್ಲಿ ತೀರ್ಪು ಬಂತು.

ಈಗ ನನ್ನ ತಪ್ಪು ಹೇಳಿಬಿಡ್ತೀನಿ. ಇವರು ಇಲ್ಲಿಗೆ ಬಂದು ಹತ್ತು ತಿಂಗಳು. ಊರಲ್ಲಿದ್ದ ಒಳ್ಳೇ ಕೆಲಸ ಬಿಟ್ಟು ನನ್ನ ಹಿಂದೆ ಬಂದವರು. ಈಗ ಭಾಷೆಯ ಬಿ2 ಪರೀಕ್ಷೆಗೆ ಓದುತ್ತಿದ್ದಾರೆ. ಹೋದ ತಿಂಗಳು ಒಂದು ಬೆಳಿಗ್ಗೆ ನೈಟ್ ಮುಗಿಸಿ ಬಂದೆ. ಸಿಂಕ್ ತುಂಬ ಪಾತ್ರೆ. "ದಿನವಿಡೀ ಮನೇಲೇ ಇರ್ತೀರಲ್ಲ, ಏನು ಕಡಿದು ಕಟ್ಟೆ ಹಾಕ್ತೀರಿ?" ಅಂದುಬಿಟ್ಟೆ. ಮಾತು ಬಾಯಿಂದ ಬಿದ್ದ ತಕ್ಷಣ ಗೊತ್ತಾಯಿತು, ಇದು ನಮ್ಮಪ್ಪ ಅಮ್ಮನಿಗೆ ಹೇಳುತ್ತಿದ್ದ ಮಾತು, ಅಕ್ಷರ ಕೂಡ ಬದಲಾಗಿಲ್ಲ. ಅಮ್ಮ ಆಗ ಸುಮ್ಮನೆ ಸೆರಗಲ್ಲಿ ಕೈ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು. ಇವರೂ ಸುಮ್ಮನೆ ಪುಸ್ತಕ ಮುಚ್ಚಿ ಎದ್ದರು. ಸಂಬಳ ತರುವವರು ಬದಲಾಗಿದ್ದರು ಅಷ್ಟೇ, 1900ರ ಕಾನೂನು ನಮ್ಮ ಅಡುಗೆಮನೆಯಲ್ಲಿ ಹಾಗೇ ಇತ್ತು. ನಾವಿಬ್ಬರೂ ಕೂತು ಮಾತಾಡಿ ಏನನ್ನೂ ಒಪ್ಪಿಕೊಂಡಿರಲೇ ಇಲ್ಲ.

ಆ ಸಂಜೆ ಕ್ಷಮೆ ಕೇಳಿದೆ. ಆಮೇಲೆ ಇಬ್ಬರೂ ಕೂತು ಒಂದು ಹಾಳೆ ಬರೆದು ಫ್ರಿಜ್‌ಗೆ ಅಂಟಿಸಿದೆವು. ನನ್ನ ನೈಟ್ ಇರುವ ವಾರ ಅಡುಗೆ, ಪಾತ್ರೆ ಅವರದು. ಅವರ ಪರೀಕ್ಷೆಯ ವಾರ ಎಲ್ಲ ನನ್ನದು. ಬಟ್ಟೆ ಮಡಿಸೋದು ಭಾನುವಾರ ಇಬ್ಬರೂ, ಊರಿಗೆ ವಿಡಿಯೋ ಕಾಲ್ ಮಾಡುತ್ತಾ. ಹಾಳೆ ದಿನಾ ಸರಿಯಾಗಿ ನಡೆಯುತ್ತೆ ಅಂತಲ್ಲ. ಮೊನ್ನೆ ಕಸದ ಚೀಲ ಎರಡು ದಿನ ಬಾಗಿಲಲ್ಲೇ ಇತ್ತು, ತಪ್ಪು ನನ್ನದೇ.

ನಮ್ಮ ದೇಶದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಮಾಡುವ ಗಂಡಸರು 97 ನಿಮಿಷ ಕೊಡುತ್ತಾರೆ ಅಂತ ಇದೆ. ಅದರಲ್ಲಿ ನಮ್ಮಮ್ಮನ, ನಿಮ್ಮಮ್ಮನ ನಿಮಿಷಗಳೂ ಇವೆ. ಆದ್ದರಿಂದ ಮುಂದಿನ ಸಲ ಇವರು ಮೆಟ್ಟಿಲು ಒರೆಸುವ ಫೋಟೋ ನೋಡಿದರೆ ಕಾಮೆಂಟ್ ಹಾಕೋ ಮುಂಚೆ ಒಂದು ಕೆಲಸ ಮಾಡಿ. ಎದ್ದು ಹೋಗಿ ನೀವು ಕುಡಿದ ಕಾಫಿ ಲೋಟ ನೀವೇ ತೊಳೆದಿಟ್ಟು ಬನ್ನಿ.

ಅಂದಹಾಗೆ, ಈ ವಾರ ಬೋರ್ಡ್ ನಮ್ಮ ಬಾಗಿಲಲ್ಲಿದೆ. ಸರದಿ ನನ್ನದು. ಹೊರಟೆ.