ಘಟ್ಟವಿಳಿದು ಕಡಲಿಗೆ: ಚನ್ನಗಿರಿ ಸೀಮೆಯ ಒಂದು ಹಳೆಯ ಪಯಣ

ಸಂತೇಬೆನ್ನೂರಿನ ಪುಷ್ಕರಿಣಿಯನ್ನು ನೋಡಲು ಹೋದವರು ಅದರ ಸೋಪಾನಪಂಕ್ತಿಯನ್ನೂ ನೀರ ನಡುವಣ ವಸಂತಮಂಟಪವನ್ನೂ ಕಣ್ತುಂಬ ಕಂಡು, ಹನುಮಪ್ಪ ನಾಯಕನ ರಸಿಕತೆಯನ್ನು ಕೊಂಡಾಡಿ ಹಿಂದಿರುಗುವುದು ವಾಡಿಕೆ. ಹೊಂಡದ ಬಳಿಯಲ್ಲಿಯೇ ಮುಸಾಫಿರಖಾನೆಯೆಂಬ ಹೆಸರಿನಿಂದ ನಿಂತಿರುವ ವಿಶಾಲವಾದ ಕಟ್ಟಡದ ಮುಂದೆ ತಡೆದು ನಿಲ್ಲುವವರು ವಿರಳ. ಆ ಕಟ್ಟಡದ ಚರಿತ್ರೆಯೊಡನೆ ಬಿಜಾಪುರದ ಸೇನಾನಿ ರಣದುಲ್ಲಾಖಾನನ ಹೆಸರೂ ಹದಿನೇಳನೆಯ ಶತಮಾನದ ಕಲಹಗಳೂ ಹೆಣೆದುಕೊಂಡಿವೆ. ಆ ಕಲಹಗಳನ್ನು ವರ್ಣಿಸುವುದು ಇಲ್ಲಿ ನನ್ನ ಉದ್ದೇಶವಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಈ ಸೀಮೆ ಒಂದು ಕಾಲದಲ್ಲಿ ದಾರಿಹೋಕರ ಸೀಮೆಯಾಗಿದ್ದಿತೆಂಬುದನ್ನೂ, ಆ ದಾರಿಗಳಲ್ಲೊಂದು ಪಡುವಣಕ್ಕೆ ಸಾಗಿ ಮಲೆನಾಡನ್ನು ಹೊಕ್ಕು ಘಟ್ಟವನ್ನಿಳಿದು ಕಡಲನ್ನು ಮುಟ್ಟುತ್ತಿದ್ದಿತೆಂಬುದನ್ನೂ, ಆ ದಾರಿಯನ್ನು ಹಿಡಿಯುವ ಮುನ್ನ ನಮ್ಮ ಹಿರಿಯರು ಎಷ್ಟು ಆಲೋಚನೆಯಿಂದ ಸಿದ್ಧರಾಗುತ್ತಿದ್ದರೆಂಬುದನ್ನೂ ನಾಲ್ಕು ಮಾತಿನಲ್ಲಿ ಹೇಳಬೇಕೆಂಬುದೊಂದೇ ನನ್ನ ಇಚ್ಛೆ.

ಬಯಲುಸೀಮೆಯ ಒಕ್ಕಲಿಗೆ ಕಡಲೆಂದರೆ ಮುಖ್ಯವಾಗಿ ಗೋಕರ್ಣ. ಚನ್ನಗಿರಿಯಿಂದ ಶಿವಮೊಗ್ಗೆಗೆ ಎರಡು ಗಾವುದ. ಅಲ್ಲಿಂದ ಆನಂದಪುರದ ಮೇಲೆ ಸಾಗರಕ್ಕೆ ನಾಲ್ಕು ಗಾವುದಕ್ಕೆ ತುಸು ಕಡಿಮೆ. ಸಾಗರದಿಂದ ತಾಳಗುಪ್ಪ, ಗೇರುಸೊಪ್ಪೆಗಳ ಮಾರ್ಗವಾಗಿ ಹೊನ್ನಾವರಕ್ಕೆ ಮತ್ತೆ ಐದು ಗಾವುದ. ಗಾವುದವೆಂದರೆ ಹೆಚ್ಚುಕಡಮೆ ಹನ್ನೆರಡು ಮೈಲಿ, ಹೇರಿದ ಗಾಡಿಯ ಎತ್ತುಗಳು ದಣಿಯದೆ ಒಂದು ದಿನದಲ್ಲಿ ನಡೆಯಬಲ್ಲ ದೂರ. ಹೊನ್ನಾವರದಿಂದ ಕುಮಟೆಗೆ ಹೋಗಿ, ಅಘನಾಶಿನಿಯ ಅಳಿವೆಯನ್ನು ದಾಟಿ ಗೋಕರ್ಣವನ್ನು ಸೇರುವುದಕ್ಕೆ ಇನ್ನೆರಡು ಮೂರು ದಿನ ಬೇಕು. ಎತ್ತುಗಳ ವಿಶ್ರಾಂತಿಯನ್ನೂ ಕ್ಷೇತ್ರವಾಸವನ್ನೂ ಸೇರಿಸಿದರೆ ಹೋಗಿಬರುವುದಕ್ಕೆ ಒಂದು ತಿಂಗಳು ಹಿಡಿಯುವುದು ನಿಶ್ಚಯ. ಜಗಳೂರಿನ ಕಡೆಯವರಿಗಾದರೋ ಇದರ ಮೇಲೆ ನಾಲ್ಕೈದು ದಿನಗಳ ಹೆಚ್ಚಿನ ದಾರಿ.

ಇಷ್ಟು ದೀರ್ಘವಾದ ಪಯಣಕ್ಕೆ ಕಾಲನಿರ್ಣಯವೇ ಮೊದಲ ಕಾರ್ಯ. ಕಡಲನ್ನು ಎಂದೆಂದರೆ ಅಂದು ಮುಟ್ಟಬಾರದು, ಪರ್ವದಿನಗಳಲ್ಲಿ ಮಾತ್ರ ಸಮುದ್ರಸ್ನಾನವೆಂಬುದು ಹಿರಿಯರ ನಿಯಮ. ಮಾಘ ಬಹುಳ ಚತುರ್ದಶಿಯ ಶಿವರಾತ್ರಿಗೆ ಗೋಕರ್ಣವನ್ನು ಸೇರಿದರೆ ಉಪವಾಸ, ಜಾಗರಣೆ, ಮಹಾಬಲೇಶ್ವರನ ದರ್ಶನಗಳ ಬೆನ್ನಿಗೇ ಅಮಾವಾಸ್ಯೆ ಬರುವುದರಿಂದ ಸಮುದ್ರಸ್ನಾನವೂ ಪಿತೃಕಾರ್ಯವೂ ಒಂದೇ ಯಾತ್ರೆಯಲ್ಲಿ ಕೈಗೂಡುವುವು. ಧರ್ಮದ ಈ ಲೆಕ್ಕಕ್ಕೆ ಬೇಸಾಯದ ಲೆಕ್ಕವೂ ಸರಿಹೊಂದುತ್ತಿದ್ದಿತು. ಅಷ್ಟು ಹೊತ್ತಿಗೆ ಸುಗ್ಗಿ ಮುಗಿದು ಕಣಜ ತುಂಬಿರುತ್ತದೆ, ಎತ್ತುಗಳಿಗೆ ಬಿಡುವಿರುತ್ತದೆ, ಹೊಳೆಗಳ ನೀರು ಇಳಿದಿದ್ದರೂ ಕೆರೆಕುಂಟೆಗಳು ಬತ್ತಿರುವುದಿಲ್ಲ, ಮಲೆನಾಡಿನ ದಾರಿ ಒಣಗಿ ಗಟ್ಟಿಯಾಗಿರುತ್ತದೆ. ಯುಗಾದಿಯನ್ನು ದಾಟಿ ಹೊರಟವರಿಗೆ ಹಿಂದಿರುಗುವಾಗ ಮುಂಗಾರಿನ ಮೊದಲ ಮಳೆಗಳೂ, ಅವುಗಳ ಸಂಗಡ ಬಯಲುನಾಡಿನವರು ಬಹಳವಾಗಿ ಅಂಜುತ್ತಿದ್ದ ಮಲೆಯ ಚಳಿಜ್ವರವೂ ಎದುರಾಗುವ ಭಯ. ಪಂಚಾಂಗವನ್ನು ಬಿಚ್ಚಿ ದಿನ ಹೇಳುತ್ತಿದ್ದ ಜೋಯಿಸರ ಮಾತಿನಲ್ಲಿ ತಿಥಿನಕ್ಷತ್ರಗಳೊಡನೆ ಮಳೆ, ಮೇವು, ರೋಗಗಳ ಅನುಭವಜ್ಞಾನವೂ ಅಡಗಿದ್ದಿತೆಂದು ನಾನು ದೃಢವಾಗಿ ನಂಬುತ್ತೇನೆ.

ಇಂಗ್ಲೆಂಡಿನ ಜನ ಕಡಲಿನತ್ತ ಮುಖಮಾಡಿದ ಕಥೆ ಇದಕ್ಕಿಂತ ಬೇರೆ ಬಗೆಯದು. ಅಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯನು 1750ರಲ್ಲಿ ಗ್ರಂಥಿರೋಗಗಳಿಗೆ ಸಮುದ್ರಜಲವೇ ಔಷಧವೆಂದು ಪುಸ್ತಕ ಬರೆದ ಮೇಲೆ ಬ್ರೈಟನ್ ಎಂಬ ಬೆಸ್ತರ ಊರು ಶ್ರೀಮಂತರ ಆರೋಗ್ಯಧಾಮವಾಯಿತು. 1841ರಲ್ಲಿ ಲಂಡನ್ನಿನಿಂದ ಅಲ್ಲಿಗೆ ರೈಲು ಬಂದ ಮೇಲೆ ದುಡಿಯುವ ಜನರೂ ಬೆಳಗ್ಗೆ ಹೋಗಿ ರಾತ್ರಿ ಮರಳುವಂತಾಯಿತು. ಅವರು ದೇಹಕ್ಕಾಗಿ ಹೋದರು, ನಮ್ಮವರು ಪಿತೃಗಳಿಗಾಗಿ ಹೋದರು. ಆದರೆ ದಿನವನ್ನು ನೋಡಿ, ತಂಗುವ ಮನೆಯನ್ನು ಗೊತ್ತುಮಾಡಿಕೊಂಡು, ಖರ್ಚನ್ನು ಕೂಡಿಟ್ಟು ಹೊರಡುವ ಎಚ್ಚರ ಎರಡು ಕಡೆಯವರಿಗೂ ಸಮಾನವಾಗಿದ್ದಿತು.

ನಮ್ಮವರ ಸಿದ್ಧತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಒಂಟಿಗಾಡಿ ಘಟ್ಟದ ಕಡೆಗೆ ಹೊರಡುವಂತಿರಲಿಲ್ಲ. ನಾಲ್ಕಾರು ಗಾಡಿಗಳಾದರೂ ಜೊತೆಗೂಡಬೇಕು, ಜೊತೆಯವರಲ್ಲಿ ಒಬ್ಬನಾದರೂ ಹಿಂದೆ ಆ ದಾರಿಯನ್ನು ಕಂಡವನಿರಬೇಕು. ಬಡಗಿಯನ್ನು ಕರೆಸಿ ಅಚ್ಚು, ಗುಂಬ, ಅರೆಗಳನ್ನು ಪರೀಕ್ಷಿಸಿ, ಕಮ್ಮಾರನಿಂದ ಪಟ್ಟಾ ಬಿಗಿಸಿ, ಎತ್ತುಗಳಿಗೆ ಹೊಸ ಲಾಳ ಕಟ್ಟಿಸಿ, ಕೀಲೆಣ್ಣೆಯ ಗೊಟ್ಟವನ್ನು ಗಾಡಿಯ ಕೆಳಗೆ ತೂಗಹಾಕುವರು. ಗಾಡಿಗೆ ಕಮಾನು ಕಟ್ಟಿ ಚಾಪೆ ಹೊದಿಸಿ, ಒಳಗೆ ಹುಲ್ಲು ಹಾಸಿ, ಅದರ ಮೇಲೆ ಕಂಬಳಿಯನ್ನು ಹರಡಿದರೆ ಅದೇ ಹೆಂಗಸರು ಮಕ್ಕಳ ಮನೆ. ಒಳಮನೆಯಲ್ಲಿ ಅಜ್ಜಿಯರ ಆಡಳಿತ: ಕಟಿಯಾದ ಜೋಳದ ರೊಟ್ಟಿ, ಹುರಿಹಿಟ್ಟು, ತಂಬಿಟ್ಟು, ಅವಲಕ್ಕಿ, ಚಟ್ನಿಪುಡಿ, ಬೆಲ್ಲ, ಹುಣಿಸೆಹಣ್ಣು, ಹೀಗೆ ಕೆಡದಿರುವುದನ್ನೇ ಆರಿಸಿ ಬುತ್ತಿ ಕಟ್ಟುವರು, ಎತ್ತುಗಳಿಗೆ ಹುರುಳಿ, ಹಿಂಡಿ. ಮನೆಯಲ್ಲಿ ಉಳಿಯುವವರಿಗೆ ಹಾಲು ಕರೆಯುವ, ದೀಪ ಹಚ್ಚುವ, ಸಾಲ ವಸೂಲಿನ ಹೊಣೆಗಳನ್ನು ಹಂಚಿಕೊಟ್ಟು, ಹಿರಿಯರ ಕಾಲಿಗೆ ನಮಸ್ಕರಿಸಿ, ಊರ ಹನುಮಪ್ಪನಿಗೆ ಕಾಯಿ ಒಡೆದು ಹೊರಟರೆ, ನೆರೆಹೊರೆಯವರು ಊರ ಗಡಿಯವರೆಗೂ ಬಂದು, ತಮ್ಮ ಹೆಸರಿನಲ್ಲಿಯೂ ಒಂದು ಮುಳುಗು ಹಾಕಿರೆಂದು ಕೈಗೆ ಕಾಸು ಕೊಟ್ಟು ಬೀಳ್ಕೊಡುವರು. ಯಾತ್ರೆ ಹೀಗೆ ಕೆಲವರದಾದರೂ ಅದರ ಪುಣ್ಯದಲ್ಲಿ ಇಡೀ ಊರು ಪಾಲು ಪಡೆಯುತ್ತಿದ್ದಿತು.

ಈ ದಾರಿಯನ್ನು ಮೊದಲು ಹದಗೊಳಿಸಿದವರು ಯಾರು? ಯಾತ್ರಿಕರು ವರ್ಷಕ್ಕೊಮ್ಮೆ ನಡೆಯುವವರು; ಅಷ್ಟರಿಂದ ಕಾಡಿನಲ್ಲಿ ಹಾದಿ ಉಳಿಯುವುದಿಲ್ಲ. ವರ್ಷವರ್ಷವೂ ಬೇಸಗೆಯುದ್ದಕ್ಕೂ ಸಾವಿರಾರು ಗೊರಸುಗಳಿಂದ ಆ ಹಾದಿಯನ್ನು ತುಳಿದು ಉಳಿಸಿದವು ಉಪ್ಪಿನ ಹೇರೆತ್ತುಗಳು. ಮನುಷ್ಯನೂ ದನವೂ ಉಪ್ಪಿಲ್ಲದೆ ಬಾಳುವಂತಿಲ್ಲ. ಕಡಲ ಉಪ್ಪೋ ಘಟ್ಟದ ಕೆಳಗೆ, ಗೋಕರ್ಣದ ನೆರೆಯ ಸಾಣಿಕಟ್ಟೆಯಂತಹ ಆಗರಗಳಲ್ಲಿ ಬೆಳೆಯತಕ್ಕದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಘಟ್ಟಗಳಲ್ಲಿ ಗಾಡಿದಾರಿಗಳಾಗುವವರೆಗೂ ಅದು ಎತ್ತಿನ ಬೆನ್ನೇರಿಯೇ ಬರಬೇಕಾಗಿದ್ದಿತು. ಮೇಲಿನ ಧಾನ್ಯವನ್ನು ಇಳಿಸಿ ಕೆಳಗಿನ ಉಪ್ಪು, ಕೊಬ್ಬರಿಗಳನ್ನು ಏರಿಸುವ ಈ ಕಷ್ಟದ ವ್ಯಾಪಾರದಲ್ಲಿ ಲಂಬಾಣಿಗರನ್ನು ಮೀರಿಸಿದವರಿಲ್ಲ. ಹದಿನೇಳನೆಯ ಶತಮಾನದ ಫ್ರೆಂಚ್ ವರ್ತಕ ತಾವೆರ್ನಿಯೆ, ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲುಗಳನ್ನು ಈ ದೇಶದಲ್ಲಿ ಕಂಡುದಾಗಿಯೂ, ಅವನ್ನು ನಡೆಸುವವರಲ್ಲಿ ಒಂದು ಪಂಗಡದವರು ಉಪ್ಪನ್ನೇ ಸಾಗಿಸುತ್ತಿದ್ದರೆಂದೂ ಬರೆದಿರುವನು. ಲಂಬಾಣಿ ಜನಾಂಗದ ಸಂತ ಸೇವಾಲಾಲರು 1739ರಲ್ಲಿ ಜನಿಸಿದುದು ನ್ಯಾಮತಿಗೆ ಸೇರಿದ ಸೂರಗೊಂಡನಕೊಪ್ಪದಲ್ಲೆಂದು ಪರಂಪರೆ ನಂಬಿದೆ. ಹೇರೆತ್ತುಗಳ ತಾಂಡಾಗಳು ಈ ಸೀಮೆಯಲ್ಲಿ ಎಷ್ಟು ಆಳವಾಗಿ ಬೇರೂರಿದ್ದವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವೇಕೆ? ಲಂಬಾಣಿ ಹೆಂಗಸರ ಉಡುಪಿನಲ್ಲಿ ಸಾಲುಗಟ್ಟಿ ಹೊಲಿದಿರುವ ಕವಡೆಗಳೂ ಕಡಲಿನ ಸರಕೇ.

ಸೈನ್ಯಗಳಿಗೂ ಇವರೇ ಆಧಾರವಾಗಿದ್ದರು. ಚನ್ನಗಿರಿಯಲ್ಲಿಯೇ ಹುಟ್ಟಿ, ಟಿಪ್ಪುವಿನ ಪತನಾನಂತರ ಬಿದನೂರು ಸೀಮೆಯಲ್ಲಿ ಬಂಡಾಯದ ಬಾವುಟವೆತ್ತಿದ ಧೋಂಡಿಯಾ ವಾಘನನ್ನು 1800ರಲ್ಲಿ ಬೆನ್ನಟ್ಟಿ ಆರ್ಥರ್ ವೆಲ್ಲೆಸ್ಲಿಯು ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದಾಗ, ಅವನ ದಂಡಿಗೆ ಅಕ್ಕಿಯನ್ನು ಹೊತ್ತು ನಡೆದವು ಲಂಬಾಣಿಗರ ಎತ್ತುಗಳು. ನೀರು ಎಲ್ಲಿದೆ, ಮೇವು ಎಲ್ಲಿದೆ, ಕಳ್ಳರ ಭಯ ಯಾವ ತಿರುವಿನಲ್ಲಿದೆ ಎಂಬುದನ್ನು ಬಲ್ಲ ಇವರ ಬಿಡಾರಗಳನ್ನೇ ನಮ್ಮ ಯಾತ್ರಿಕರ ಗಾಡಿಗಳೂ ತಂಗುದಾಣವಾಗಿ ಆರಿಸಿಕೊಂಡುದು ಸಹಜವೇ ಆಗಿದೆ. ಭಕ್ತಿಯ ದಾರಿಯೆಂದು ನಾವು ಕರೆಯುವುದರ ಮೇಲೆ ಉಪ್ಪಿನವನ ಋಣವಿದೆ. ಕ್ಷೇತ್ರಮಾಹಾತ್ಮ್ಯಗಳನ್ನು ಬರೆದವರು ಅದನ್ನು ಎಲ್ಲಿಯೂ ಸ್ಮರಿಸಲಿಲ್ಲವೆಂಬುದು ನನಗೆ ನಿಜವಾಗಿ ವ್ಯಥೆಯನ್ನುಂಟುಮಾಡುತ್ತದೆ.

ಅರಸರ ಆಸರೆಯೂ ಈ ದಾರಿಗಿದ್ದಿತು. ರಾಣಿ ಚೆನ್ನಮ್ಮಾಜಿಯಿಂದ ಚನ್ನಗಿರಿಗೆ ಹೆಸರು ಬಂದಿತೆಂದು ಪ್ರತೀತಿ. ಆಕೆಯ ಕೆಳದಿ ರಾಜ್ಯ ಈ ಬಯಲಿನ ಅಂಚಿನಿಂದ ಕಡಲತೀರದವರೆಗೆ ಹಬ್ಬಿದ್ದುದರಿಂದ, ಮೇಲುಸೀಮೆಗೂ ರೇವುಗಳಿಗೂ ನಡುವೆ ಒಂದೇ ಆಜ್ಞೆ ನಡೆಯುತ್ತಿದ್ದಿತು. ಅದಕ್ಕೂ ಹಿಂದೆ, ವೆಂಕಟಪ್ಪ ನಾಯಕನ ಕಾಲದಲ್ಲಿ, 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಗೋವೆಯ ರಾಯಭಾರಿಯ ಸಂಗಡ ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಬಂದು, ಅಲ್ಲಿಂದ ಘಟ್ಟವೇರಿ ಇಕ್ಕೇರಿಯನ್ನು ಸೇರಿದನು. ದಾರಿಯಲ್ಲಿ ದೇಗುಲದ ಜಗಲಿಯಲ್ಲಿ ಹುಡುಗರು ನೆಲದ ಮರಳಿನ ಮೇಲೆ ಬೆರಳಿನಿಂದ ಅಂಕಿಗಳನ್ನು ಬರೆದು, ರಾಗವಾಗಿ ಹೇಳಿ ಕಲಿಯುತ್ತಿದ್ದುದನ್ನು ಆದರದಿಂದ ವರ್ಣಿಸಿರುವನು. ನಮ್ಮವರು ಅದೇ ದಾರಿಯನ್ನು ತಿರುಗುಮುರುಗಾಗಿ ನಡೆಯುವರು. ಗೇರುಸೊಪ್ಪೆಯಲ್ಲಿ ಶರಾವತಿ ಶಾಂತಳಾಗುವುದರಿಂದ ಅಲ್ಲಿಂದ ಹೊನ್ನಾವರದವರೆಗಿನ ಹದಿನೆಂಟು ಮೈಲಿ ದೋಣಿಯ ಪಯಣ, ಹತ್ತು ದಿನ ಗಾಡಿಯಲ್ಲಿ ಕುಲುಕಿದ ಮೈಗೆ ದೊಡ್ಡ ಸುಖ. ಗೋಕರ್ಣದಲ್ಲಿ ಪುರೋಹಿತರ ಮನೆಗಳೇ ಯಾತ್ರಿಕರಿಗೆ ಬಿಡಾರ. ಕೋಟಿತೀರ್ಥದ ಸ್ನಾನ, ಸಮುದ್ರಸ್ನಾನ, ಪಿಂಡಪ್ರದಾನ, ಮಹಾರಥೋತ್ಸವ ಎಲ್ಲವನ್ನೂ ಕ್ರಮವಾಗಿ ಮಾಡಿಸಿ ಕಳುಹಿಸುವ ಭಾರ ಅವರದು.

ಉಗಿಬಂಡಿ ಬಂದ ಮೇಲೆ ಈ ವ್ಯವಸ್ಥೆ ಬುಡದಿಂದ ಸಡಿಲಿತು. 1889ರ ಹೊತ್ತಿಗೆ ಬೆಂಗಳೂರಿನಿಂದ ದಾವಣಗೆರೆಯ ಮೇಲೆ ಹರಿಹರದವರೆಗೆ ರೈಲು ಓಡತೊಡಗಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ, 1940ರಲ್ಲಿ ತಾಳಗುಪ್ಪದವರೆಗೆ ಹಳಿ ಬಂದಿತು. ಉಪ್ಪು ವ್ಯಾಗನ್ನುಗಳಲ್ಲಿ ಬಂದು ದಾವಣಗೆರೆಯ ಪೇಟೆಯಲ್ಲಿ ಇಳಿದ ದಿನದಿಂದ ಹೇರೆತ್ತಿಗೆ ಕೆಲಸವಿಲ್ಲವಾಯಿತು. ಯಾತ್ರಿಕನಿಗೆ ಇದರಿಂದ ಆದುದು ಲಾಭವೇ. ತಿಂಗಳ ದಾರಿ ವಾರದ ದಾರಿಯಾಯಿತು, ಮುದುಕರೂ ರೋಗಿಗಳೂ ಕಡಲನ್ನು ಕಾಣುವಂತಾಯಿತು, ಅದನ್ನು ನಾನು ಕಡೆಗಣಿಸಲಾರೆ. ಆದರೆ ಆ ದಾರಿಯನ್ನು ತಲೆಮಾರುಗಳ ಕಾಲ ಕಾಯ್ದವರಿಗೆ ದೊರೆತ ಪ್ರತಿಫಲವೇನು? 1871ರಲ್ಲಿ ಆರಂಭವಾದ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಬ್ರಿಟಿಷ್ ಪ್ರಾಂತಗಳಲ್ಲಿ ಹಲವೆಡೆ ಲಂಬಾಣಿಗರ ಮೇಲೆಯೂ ಪ್ರಯೋಗಿಸಿ, ಸಂಚಾರವನ್ನೇ ವೃತ್ತಿಯಾಗುಳ್ಳವರನ್ನು ಸಂಚರಿಸಿದ ಮಾತ್ರಕ್ಕೆ ಶಂಕಿತರೆಂದು ಬರೆದಿಟ್ಟರು. ಆ ಕಳಂಕ ಶಾಸನದಿಂದ ಅಳಿಯುವುದಕ್ಕೆ 1952 ಬರಬೇಕಾಯಿತು. ಅಷ್ಟರಲ್ಲಿ ತಾಂಡಾಗಳು ಊರ ಹೊರಗೆ ನೆಲೆನಿಂತು ಕೂಲಿಯನ್ನೂ ಬೇಸಾಯವನ್ನೂ ಹಿಡಿದಿದ್ದವು. ಈಗಲೂ ಪ್ರತಿ ಫೆಬ್ರವರಿಯಲ್ಲಿ ಸೇವಾಲಾಲರ ಜಯಂತಿಗೆ ಮಾಲೆ ಧರಿಸಿದ ಭಕ್ತರು ದೂರದೂರದ ತಾಂಡಾಗಳಿಂದ ಸೂರಗೊಂಡನಕೊಪ್ಪಕ್ಕೆ ಬಂದು ಸೇರುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಕಾಲ್ನಡಿಗೆಯಲ್ಲಿಯೇ ಬರುವರು. ಹೊನ್ನಾಳಿ, ಚನ್ನಗಿರಿಗಳ ಚರಿತ್ರೆಯನ್ನು ಮುಂದೆ ಬರೆಯುವವರು ಕೋಟೆ, ಪುಷ್ಕರಿಣಿ, ಸೂಳೆಕೆರೆಗಳ ಜೊತೆಗೆ ಈ ಹೇರೆತ್ತಿನವರ ಬಿಡಾರಗಳನ್ನೂ ಹುಡುಕಿ, ತಾಂಡಾದ ಹಿರಿಯರಿಂದ ಕೇಳಿ, ಒಂದು ನಕ್ಷೆಯ ಮೇಲೆ ಗುರುತಿಸಿಡಬೇಕೆಂದು ನಾನು ಪ್ರಾರ್ಥಿಸುತ್ತೇನೆ. ಅಂತಹ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಆ ಕೆಲಸ ನಡೆಯಬೇಕು.