ಬೆಕ್ಕುಗಳ ಕಡಿತದ ಗಾಯ

ಬೆಕ್ಕುಗಳ ಕಡಿತದ ಗಾಯ ಎಂಬುದು ಬೆಕ್ಕುಗಳು ಪರಸ್ಪರ ಕಾದಾಡುವಾಗ ಒಂದರ ಕೋರೆಹಲ್ಲು ಮತ್ತೊಂದರ ಚರ್ಮವನ್ನು ಭೇದಿಸುವುದರಿಂದ ಉಂಟಾಗುವ ಗಾಯವಾಗಿದೆ. ಇದು ಅನೇಕ ವೇಳೆ ಸೋಂಕಿಗೆ ತಿರುಗಿ ಕೀವು ತುಂಬಿದ ಬಾವು ಆಗುತ್ತದೆ. ಹೊರಗೆ ಓಡಾಡುವ ಸಾಕುಬೆಕ್ಕುಗಳನ್ನು ಪಶುವೈದ್ಯರ ಬಳಿಗೆ ಒಯ್ಯಬೇಕಾಗಿ ಬರುವ ಸಾಮಾನ್ಯ ಕಾರಣಗಳಲ್ಲಿ ಇದೂ ಒಂದು. ಗಾಯದ ಬಾಯಿ ಚಿಕ್ಕದು, ಒಳಗಿನ ಹಾನಿ ದೊಡ್ಡದು. ಆ ಚಿಕ್ಕ ಬಾಯಿಯೂ ಬೇಗನೆ ಮುಚ್ಚಿಕೊಳ್ಳುವುದೇ ಈ ಗಾಯದ ಮುಖ್ಯ ತೊಡಕು. ಆದಕಾರಣ ಗಾಯವನ್ನು ಮುಚ್ಚುವುದಲ್ಲ, ತೆರೆದಿಟ್ಟು ಕೀವನ್ನು ಹೊರಬಿಡುವುದೇ ಚಿಕಿತ್ಸೆಯ ತಿರುಳು.

ಕೊಪ್ಪಳ ಸೀಮೆಯ ಬೆಕ್ಕುಗಳು

ರಾಯಚೂರು ಜಿಲ್ಲೆಯಿಂದ 1997ರಲ್ಲಿ ಬೇರ್ಪಟ್ಟ ಕೊಪ್ಪಳ ಜಿಲ್ಲೆಯಲ್ಲಿ ಬೆಕ್ಕು ಬಹುಮಟ್ಟಿಗೆ ಒಕ್ಕಲುತನದ ಮನೆಯ ಪ್ರಾಣಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಗಂಗಾವತಿ ಭಾಗದಲ್ಲಿ ಅಕ್ಕಿ ಗಿರಣಿಗಳೂ ಗೋದಾಮುಗಳೂ ಹೆಚ್ಚು. ಜೋಳ, ಸಜ್ಜೆ, ಶೇಂಗಾ ಬೆಳೆಯುವ ಕುಷ್ಟಗಿ ಮತ್ತು ಯಲಬುರ್ಗಾದ ಒಣಭೂಮಿಯಲ್ಲಿ ಮನೆಯೊಳಗೇ ಕಾಳಿನ ಚೀಲಗಳಿರುತ್ತವೆ. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಇಂತಹ ಬೆಕ್ಕನ್ನು ಯಾರೂ ಕಟ್ಟಿ ಸಾಕುವುದಿಲ್ಲ. ಹಗಲು ಒಲೆಯ ಮಗ್ಗುಲಲ್ಲಿ ಮಲಗಿ, ರಾತ್ರಿ ಊರು ಸುತ್ತುವುದು ಅದರ ದಿನಚರಿ. ಹಳೆಯ ಊರುಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಬೆಕ್ಕುಗಳು ಓಣಿಯ ಈ ತುದಿಯಿಂದ ಆ ತುದಿಯವರೆಗೆ ನೆಲ ಮುಟ್ಟದೆ ನಡೆದು, ಬೆಳಕಿಂಡಿಯ ಮೂಲಕ ಯಾವ ಮನೆಗಾದರೂ ಇಳಿಯಬಲ್ಲವು. ಒಂದು ಬೆಕ್ಕಿನ ಎಲ್ಲೆ ಇನ್ನೊಂದರ ಎಲ್ಲೆಯೊಡನೆ ಮಾಳಿಗೆಯ ಮೇಲೆಯೇ ಕೂಡುತ್ತದೆ. ರಾತ್ರಿಯ ಕಾದಾಟಗಳು ಅಲ್ಲಿ ಕೇಳಿಬರುವುದು ಈ ಕಾರಣದಿಂದ.

ಗಾಯವಾಗುವ ಬಗೆ

ಕಾದಾಟದಲ್ಲಿ ಮುಂಚೂಣಿಯಲ್ಲಿರುವುದು ಸಂತಾನಹರಣವಾಗದ, ವಯಸ್ಸಿಗೆ ಬಂದ ಗಂಡುಬೆಕ್ಕುಗಳು. ಎಲ್ಲೆಯ ರಕ್ಷಣೆ ಮತ್ತು ಬೆದೆಗೆ ಬಂದ ಹೆಣ್ಣುಬೆಕ್ಕಿಗಾಗಿ ನಡೆಯುವ ಪೈಪೋಟಿ ಇದರ ಎರಡು ಮುಖ್ಯ ಕಾರಣಗಳು. ಎದುರಿಸಿ ನಿಂತ ಬೆಕ್ಕಿಗೆ ತಲೆ, ಕೆನ್ನೆ, ಕೊರಳು ಮತ್ತು ಮುಂಗಾಲುಗಳಲ್ಲಿ ಗಾಯವಾಗುತ್ತದೆ. ಓಡಿಹೋಗುವ ಬೆಕ್ಕಿಗೆ ಬಾಲದ ಬುಡ, ಬೆನ್ನು ಮತ್ತು ಹಿಂಗಾಲುಗಳಲ್ಲಿ ಆಗುತ್ತದೆ. ಗಾಯದ ಸ್ಥಳವನ್ನು ನೋಡಿಯೇ ಬೆಕ್ಕು ಕಾದಿತೋ ಓಡಿತೋ ಎಂಬುದನ್ನು ಅನುಭವಿಗಳು ಊಹಿಸುವುದುಂಟು.

ಬೆಕ್ಕಿನ ಕೋರೆಹಲ್ಲು ಸಪೂರ ಮತ್ತು ಚೂಪು. ಅದು ಸೂಜಿಯಂತೆ ಒಳಹೊಕ್ಕು, ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳನ್ನು ಚರ್ಮದ ಕೆಳಗೆ ಬಿತ್ತಿ ಹೊರಬರುತ್ತದೆ. ಇವುಗಳಲ್ಲಿ ಪಾಶ್ಚುರೆಲ್ಲಾ ಮಲ್ಟೋಸಿಡಾ ಪ್ರಮುಖವಾದುದು. ಸ್ಟ್ರೆಪ್ಟೋಕಾಕಸ್ ಜಾತಿಯವೂ, ಗಾಳಿಯಿಲ್ಲದ ಕಡೆ ಬೆಳೆಯುವ ಫ್ಯೂಸೋಬ್ಯಾಕ್ಟೀರಿಯಂ, ಬ್ಯಾಕ್ಟೀರಾಯ್ಡಿಸ್ ಮೊದಲಾದವೂ ಜೊತೆಗಿರುತ್ತವೆ. ಬೆಕ್ಕಿನ ಚರ್ಮ ಸಡಿಲವಾಗಿದ್ದು, ಹಲ್ಲು ಹೊರಬಂದೊಡನೆ ಮೊದಲಿನ ಜಾಗಕ್ಕೆ ಸರಿಯುತ್ತದೆ. ಹೊರಗಿನ ತೂತು ಕೆಲವೇ ಗಂಟೆಗಳಲ್ಲಿ ಮುಚ್ಚುತ್ತದೆ, ಮೇಲೆ ಕೂದಲು ಮರೆಮಾಡುತ್ತದೆ. ಒಳಗೆ ಬೆಚ್ಚಗಿನ, ಗಾಳಿಯಾಡದ ಜಾಗದಲ್ಲಿ ಬ್ಯಾಕ್ಟೀರಿಯಾಗಳು ವೃದ್ಧಿಯಾಗುತ್ತವೆ. ಅವುಗಳನ್ನು ಎದುರಿಸಲು ಬಂದ ಬಿಳಿರಕ್ತಕಣಗಳು ಸತ್ತು ಕೀವಾಗುತ್ತವೆ. ಕಾದಾಟವಾದ ಎರಡರಿಂದ ಐದು ದಿನಗಳ ಬಳಿಕ ಬಾವು ಕಣ್ಣಿಗೆ ಬೀಳುತ್ತದೆ. ಅಷ್ಟರಲ್ಲಿ ಮನೆಯವರಿಗೆ ಕಾದಾಟವೇ ಮರೆತುಹೋಗಿರುತ್ತದೆ.

ಲಕ್ಷಣಗಳು

ಮೊದಲು ಕಾಣುವುದು ಬಾವಲ್ಲ, ಬೆಕ್ಕಿನ ನಡತೆಯಲ್ಲಿನ ಬದಲಾವಣೆ. ಅದು ಮೂಲೆ ಹಿಡಿದು ಮಲಗುತ್ತದೆ, ಹಾಲು-ರೊಟ್ಟಿಯನ್ನು ಮೂಸಿ ಬಿಡುತ್ತದೆ, ಒಂದು ಜಾಗ ಮುಟ್ಟಿದರೆ ಗುರುಗುಟ್ಟುತ್ತದೆ, ಕಾಲಿಗೆ ಗಾಯವಾಗಿದ್ದರೆ ಕುಂಟುತ್ತದೆ. ಆರೋಗ್ಯವಂತ ಬೆಕ್ಕಿನ ಮೈಬಿಸಿ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಸೋಂಕಾದಾಗ ಇದು 40 ಡಿಗ್ರಿ ದಾಟಬಹುದು. ಬಳಿಕ ಬಿಸಿಯಾದ, ನೋವಿನ ಊತ ಕಾಣಿಸಿಕೊಂಡು ಕ್ರಮೇಣ ಮೆತ್ತಗಾಗುತ್ತದೆ. ಕೆಲವೊಮ್ಮೆ ಬಾವು ತಾನಾಗಿಯೇ ಒಡೆದು ದುರ್ವಾಸನೆಯ ಕೀವು ಸುರಿಯುತ್ತದೆ. ಒಡೆದ ಬಳಿಕ ಒತ್ತಡ ಇಳಿದು ಬೆಕ್ಕು ಚೇತರಿಸಿಕೊಂಡಂತೆ ಕಾಣುವುದರಿಂದ ಹಲವರು ಚಿಕಿತ್ಸೆ ಮುಗಿಯಿತೆಂದು ತಿಳಿಯುತ್ತಾರೆ. ಬಾಯಿ ಮತ್ತೆ ಮುಚ್ಚಿದರೆ ಕೀವು ಮತ್ತೆ ತುಂಬುತ್ತದೆ.

ಎಲ್ಲ ಊತವೂ ಕೀವಲ್ಲ. ಹಾವು ಅಥವಾ ಚೇಳು ಕಡಿದಾಗ ಊತವು ದಿನಗಳಲ್ಲಲ್ಲ, ಬೇಗನೆ ಏರುತ್ತದೆ. ಅಂತಹ ಬೆಕ್ಕನ್ನು ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು. ಹೊಟ್ಟೆಯ ಮೇಲಿನ ಮೆತ್ತಗಿನ ಗಂಟು ಅಂಡವಾಯು, ಅಂದರೆ ಹರ್ನಿಯಾ ಆಗಿರಬಹುದು. ಅದನ್ನು ಬಾವೆಂದು ಭಾವಿಸಿ ಬ್ಲೇಡು ತಾಗಿಸಿದರೆ ಕರುಳಿಗೇ ಪೆಟ್ಟು. ಮನೆಯಲ್ಲಿ ಬಾವನ್ನು ಕೊಯ್ಯಬಾರದು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಚಿಕಿತ್ಸೆ

ಕಾದಾಟವಾದ ಮೊದಲ 24 ಗಂಟೆಗಳೊಳಗೆ ಬೆಕ್ಕನ್ನು ತೋರಿಸಿದರೆ ಆ್ಯಂಟಿಬಯಾಟಿಕ್‌ನಿಂದಲೇ ಬಾವು ಆಗದಂತೆ ತಡೆಯುವ ಸಾಧ್ಯತೆ ಇದೆ. ಕೀವು ತುಂಬಿದ ಮೇಲೆ ಔಷಧವೊಂದೇ ಸಾಲದು. ಕೀವಿನ ಚೀಲದೊಳಕ್ಕೆ ರಕ್ತ ಸಂಚಾರವಿಲ್ಲದಿರುವುದರಿಂದ ಔಷಧವು ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ.

ಪಶುವೈದ್ಯರು ಬೆಕ್ಕಿಗೆ ಮಂಪರು ಅಥವಾ ಅರಿವಳಿಕೆ ನೀಡಿ, ಊತದ ಸುತ್ತಲಿನ ಕೂದಲನ್ನು ಕತ್ತರಿಸುತ್ತಾರೆ. ಆಗ ಹಲ್ಲಿನ ಒಂದೆರಡು ಗುರುತುಗಳು ಕಾಣಸಿಗುತ್ತವೆ. ಬಾವಿನ ಕೆಳಭಾಗದಲ್ಲಿ ಕೊಯ್ದು ಕೀವನ್ನು ಹೊರಬಿಟ್ಟು, ಸಲೈನ್ ಅಥವಾ ತೆಳುಗೊಳಿಸಿದ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಒಳಭಾಗವನ್ನು ತೊಳೆಯುತ್ತಾರೆ. ಸತ್ತ ಚರ್ಮವಿದ್ದರೆ ತೆಗೆಯುತ್ತಾರೆ. ಬಾವು ದೊಡ್ಡದಿದ್ದಲ್ಲಿ ಮೃದುವಾದ ರಬ್ಬರ್ ಪಟ್ಟಿಯನ್ನು ಇರಿಸಿ, ಕೆಲವು ದಿನಗಳ ಕಾಲ ಕೀವು ಸೋರಿಹೋಗುವಂತೆ ಮಾಡಿ, ಬಳಿಕ ತೆಗೆಯುತ್ತಾರೆ. ಕೀವಿನ ಗಾಯವನ್ನು ಕೂಡಲೇ ಹೊಲಿದು ಮುಚ್ಚುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನಿಕ್ ಆಮ್ಲದ ಜೋಡಿ ಔಷಧ ಹೆಚ್ಚು ಬಳಕೆಯಲ್ಲಿದೆ. ಪ್ರಮಾಣವನ್ನು ಬೆಕ್ಕಿನ ತೂಕ ನೋಡಿ ನಿಗದಿಪಡಿಸಬೇಕಾಗುತ್ತದೆ. ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟಲ್ಲಿ ಹಿಂದೆಯೇ ಸ್ವಲ್ಪ ನೀರು ಕುಡಿಸುವುದು ಅವಶ್ಯ. ಒಣಗಿದ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಹುಣ್ಣು ಮಾಡುತ್ತದೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕು ಕೇಂದ್ರಗಳಲ್ಲಿ ಪಶುಪಾಲನೆ ಮತ್ತು ಪಶುವೈದ್ಯ ಸೇವಾ ಇಲಾಖೆಯ ಆಸ್ಪತ್ರೆಗಳಿವೆ. ಇಂತಹ ಆಸ್ಪತ್ರೆಗಳ ಕೆಲಸದ ದೊಡ್ಡ ಪಾಲು ದನ, ಎಮ್ಮೆ, ಕುರಿ, ಮೇಕೆಗಳದ್ದಾಗಿರುವುದರಿಂದ ಬೆಕ್ಕನ್ನು ಒಯ್ಯುವ ಮುನ್ನ ವೈದ್ಯರು ಇರುವ ವೇಳೆಯನ್ನು ವಿಚಾರಿಸಿಕೊಳ್ಳುವುದು ಒಳಿತು. ಹೆಚ್ಚಿನ ಪರೀಕ್ಷೆ ಬೇಕಾದಲ್ಲಿ ನೆರೆಯ ಗದಗಿನ ಪಶುವೈದ್ಯಕೀಯ ಮಹಾವಿದ್ಯಾಲಯವನ್ನೋ, ಬೀದರಿನ ಮಹಾವಿದ್ಯಾಲಯವನ್ನೋ ಸಂಪರ್ಕಿಸಬಹುದು. ಬೆಕ್ಕನ್ನು ಮುಚ್ಚಳವಿರುವ ಬಿದಿರಿನ ಬುಟ್ಟಿಯಲ್ಲಿ ಹಳೆಯ ಸೀರೆ ಹಾಸಿ ಒಯ್ಯುವುದು ಸುಲಭ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ಜ್ವರ ಬಂದ ಬೆಕ್ಕಿನ ಪ್ರಯಾಣಕ್ಕೆ ಬೆಳಗಿನ ಹೊತ್ತೇ ಸೂಕ್ತ.

ಮನೆಮದ್ದುಗಳು ಮತ್ತು ವಿಷವಾಗುವ ಔಷಧಗಳು

ಗಾಯಕ್ಕೆ ಅರಿಸಿನ ಮೆತ್ತುವುದು ಮನೆಮನೆಯ ರೂಢಿ. ಅರಿಸಿನಕ್ಕೆ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣ ಸ್ವಲ್ಪಮಟ್ಟಿಗೆ ಇರುವುದು ನಿಜ. ಆದರೆ ಕಡಿತದ ಗಾಯದಲ್ಲಿ ಸೋಂಕು ಇರುವುದು ಚರ್ಮದ ಕೆಳಗೆ. ಮೇಲಿನ ಲೇಪ ಅಲ್ಲಿಗೆ ಇಳಿಯದು. ಅದು ಒಣಗಿ ಗಟ್ಟಿಯಾದಾಗ ಕೀವಿನ ದಾರಿಯನ್ನೇ ಮುಚ್ಚುತ್ತದೆ. ಸುಣ್ಣ, ಕಾಫಿಪುಡಿ, ಬೂದಿ ಇವುಗಳ ವಿಷಯವೂ ಹೀಗೆಯೇ. ಅಲ್ಲದೆ ಬೆಕ್ಕು ಮೈನೆಕ್ಕುವ ಪ್ರಾಣಿಯಾದುದರಿಂದ ಹೊರಗೆ ಹಚ್ಚಿದ್ದೆಲ್ಲವೂ ಕಡೆಗೆ ಅದರ ಹೊಟ್ಟೆ ಸೇರುತ್ತದೆ.

ದನಗಳ ಹುಳುಬಿದ್ದ ಗಾಯಕ್ಕೆ ಬಳಸುವ ಟರ್ಪೆಂಟೈನ್ ಎಣ್ಣೆ, ಕರ್ಪೂರ, ನುಸಿಗುಳಿಗೆ, ಸೀಮೆಎಣ್ಣೆ ಬೆಕ್ಕಿಗೆ ವಿಷ. ಫಿನಾಯಿಲ್ ಮತ್ತು ಕ್ಲೋರೋಕ್ಸಿಲೆನಾಲ್ ಇರುವ ಮನೆಬಳಕೆಯ ದ್ರಾವಣಗಳನ್ನೂ (ಡೆಟಾಲ್ ಈ ಬಗೆಯದು) ಬಳಸಬಾರದು. ನಾಯಿಗಳ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಬೆಕ್ಕಿಗೆ ನಡುಕ ಮತ್ತು ಸೆಳೆತ ತರಿಸಿ ಕೊಲ್ಲಬಲ್ಲದು.

ಎಲ್ಲಕ್ಕಿಂತ ದೊಡ್ಡ ಅಪಾಯ ಪ್ಯಾರಾಸಿಟಮಾಲ್‌ನದು. ಜ್ವರಕ್ಕೆಂದು ಕಿರಾಣಿ ಅಂಗಡಿಯಲ್ಲೂ ಸಿಗುವ ಈ ಮಾತ್ರೆಯನ್ನು ಅರ್ಧ ಮುರಿದು ಬೆಕ್ಕಿಗೂ ಕೊಡುವವರಿದ್ದಾರೆ. ಮನುಷ್ಯರ ಯಕೃತ್ತು ಈ ಔಷಧವನ್ನು ನಿರುಪದ್ರವಿಯಾಗಿಸಿ ಹೊರಹಾಕುವ ಮುಖ್ಯ ಮಾರ್ಗ ಬೆಕ್ಕಿನ ಯಕೃತ್ತಿನಲ್ಲಿ ತೀರ ದುರ್ಬಲ. ಫಲವಾಗಿ ರಕ್ತವು ಆಮ್ಲಜನಕ ಒಯ್ಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ವಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದಗಳು ಊದಿಕೊಳ್ಳುತ್ತವೆ, ಉಸಿರು ಕಟ್ಟುತ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಲು ಸಾಕು. ಐಬುಪ್ರೊಫೇನ್ ಕೂಡ ನಿಷಿದ್ಧ. ಗಾಯದಿಂದ ಸಾಯದಿದ್ದ ಬೆಕ್ಕು ಮದ್ದಿನಿಂದ ಸಾಯುವ ಪ್ರಸಂಗಗಳು ಹೀಗೆ ಉಂಟಾಗುತ್ತವೆ.

ಆರೈಕೆ

ಕೀವು ತೆಗೆದ ಬಳಿಕ ಗಾಯವು ಒಳಗಿನಿಂದ ಹೊರಮುಖವಾಗಿ ಮಾಗಬೇಕು. ಇದಕ್ಕಾಗಿ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಬೆರೆಸಿ, ಆ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯನ್ನು ದಿನಕ್ಕೆ ಎರಡು-ಮೂರು ಬಾರಿ ಐದೈದು ನಿಮಿಷ ಗಾಯದ ಮೇಲೆ ಇರಿಸಬಹುದು. ಕಟ್ಟಿದ ಹಕ್ಕಳೆ ಮೆತ್ತಗಾಗಿ ಕೀವು ಇಳಿಯುತ್ತದೆ. ಹಿಂಡಿ ಒತ್ತಬಾರದು. ಒತ್ತಿದರೆ ಸೋಂಕು ಆಳಕ್ಕೆ ಹರಡುತ್ತದೆ. ಬೆಕ್ಕು ಗಾಯವನ್ನು ನೆಕ್ಕಿ ಕೆರೆಯದಂತೆ ಲಾಳಿಕೆಯಾಕಾರದ ಕೊರಳಪಟ್ಟಿ ಹಾಕಬೇಕು. ಅಂಗಡಿಯಲ್ಲಿ ಸಿಗದಿದ್ದರೆ ಹಳೆಯ ಎಕ್ಸ್-ರೇ ಹಾಳೆಯಿಂದ ಅಥವಾ ರಟ್ಟಿನಿಂದ ಮಾಡಿಕೊಳ್ಳಬಹುದು.

ಆಹಾರ ಬಿಟ್ಟ ಬೆಕ್ಕಿನ ವಿಷಯದಲ್ಲಿ ಉದಾಸೀನ ಸಲ್ಲದು. ಕೆಲವೇ ದಿನ ಉಪವಾಸವಿದ್ದರೂ ಬೆಕ್ಕಿನ, ಅದರಲ್ಲೂ ದಪ್ಪಗಿರುವ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಾಪಾಯವಾಗುತ್ತದೆ. ಬೇಯಿಸಿದ ಮೀನು, ಮೊಟ್ಟೆ, ಕೋಳಿಯ ಬಿಸಿ ಸಾರು ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ ಹಾಕಿರಬಾರದು. ಅವು ಬೆಕ್ಕಿನ ಕೆಂಪುರಕ್ತಕಣಗಳನ್ನು ನಾಶಮಾಡುತ್ತವೆ.

ಮಳೆಗಾಲದಲ್ಲಿ ತೆರೆದ ಗಾಯದ ಮೇಲೆ ನೊಣ ಕೂತು ಮೊಟ್ಟೆಯಿಟ್ಟು ಹುಳು ಬೀಳುವುದುಂಟು. ಭಾರತದಲ್ಲಿ ಇದಕ್ಕೆ ಕಾರಣವಾಗುವ ನೊಣಗಳಲ್ಲಿ ಕ್ರೈಸೋಮಿಯಾ ಬೆಜ್ಜಿಯಾನಾ ಎಂಬುದು ಮುಖ್ಯವಾದುದು. ಇದರ ಹುಳುಗಳು ಸತ್ತ ಮಾಂಸವನ್ನಷ್ಟೇ ಅಲ್ಲ, ಜೀವಂತ ಮಾಂಸವನ್ನೂ ತಿನ್ನುತ್ತವೆ. ಗಾಯ ಮಾಗುವವರೆಗೆ ಬೆಕ್ಕನ್ನು ಮನೆಯೊಳಗೇ ಇರಿಸಬೇಕು.

ಮಾಗದ ಗಾಯ

ಸರಿಯಾಗಿ ಕೀವು ತೆಗೆದ ಗಾಯ ಸಾಮಾನ್ಯವಾಗಿ ಎರಡು ವಾರಗಳೊಳಗೆ ಮಾಗುತ್ತದೆ. ಮಾಗದಿದ್ದರೆ ಒಳಗೆ ಹಲ್ಲಿನ ಚೂರು ಉಳಿದಿರಬಹುದು, ಸೋಂಕು ಎಲುಬಿಗೋ ಕೀಲಿಗೋ ತಗುಲಿರಬಹುದು. ಎದೆಯ ಮೇಲಿನ ಕಡಿತದಿಂದ ಶ್ವಾಸಕೋಶದ ಸುತ್ತ ಕೀವು ತುಂಬುವುದೂ ಇದೆ. ಮತ್ತೊಂದು ಕಾರಣ ವೈರಾಣುಗಳು. ಬೆಕ್ಕಿನ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ಎಫ್‌ಐವಿ ವೈರಾಣು ಮುಖ್ಯವಾಗಿ ಕಡಿತದ ಮೂಲಕವೇ ಹರಡುತ್ತದೆ. ಇದನ್ನು 1986ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪತ್ತೆಹಚ್ಚಲಾಯಿತು. 1964ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಜ್ಯಾರೆಟ್ ಕಂಡುಹಿಡಿದ ಬೆಕ್ಕಿನ ಲ್ಯುಕೇಮಿಯಾ ವೈರಾಣು ಜೊಲ್ಲಿನಿಂದ ಹರಡುತ್ತದೆ. ಈ ಎರಡೂ ಮನುಷ್ಯರಿಗೆ ತಗುಲುವುದಿಲ್ಲ. ಕಡಿತವಾದ ಮರುದಿನವೇ ರಕ್ತಪರೀಕ್ಷೆ ಮಾಡಿಸಿದರೆ ಸೋಂಕು ತಿಳಿಯದು. ಸುಮಾರು 60 ದಿನಗಳ ಬಳಿಕ ಪರೀಕ್ಷಿಸುವುದು ವಾಡಿಕೆ.

ರೇಬೀಸ್ ಮತ್ತು ಮನೆಯವರ ಸುರಕ್ಷತೆ

ಭಾರತದಲ್ಲಿ ರೇಬೀಸ್ ಹೆಚ್ಚಾಗಿ ನಾಯಿಗಳಿಂದ ಹರಡುವುದಾದರೂ ಬೆಕ್ಕಿಗೂ ಈ ರೋಗ ಬರುತ್ತದೆ, ಬೆಕ್ಕಿನಿಂದ ಮನುಷ್ಯರಿಗೂ ಬರುತ್ತದೆ. ಗುರುತಿಲ್ಲದ ಪ್ರಾಣಿಯೊಡನೆ ಕಾದಾಡಿ ಬಂದ ಬೆಕ್ಕಿನ ಲಸಿಕೆಯ ವಿಷಯವನ್ನು ಪಶುವೈದ್ಯರಿಗೆ ತಿಳಿಸಲೇಬೇಕು. ಬೆಕ್ಕಿನ ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಬಳಿಕ ವೈದ್ಯರು ಹೇಳಿದಂತೆ ಮರುಲಸಿಕೆ ಕೊಡಿಸಬೇಕಾಗುತ್ತದೆ.

ನೋವಿನಲ್ಲಿರುವ ಬೆಕ್ಕು ಸಾಕಿದವರನ್ನೇ ಕಚ್ಚುವುದು ಸಾಮಾನ್ಯ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಕ್ತ ಬರದ ಪರಚುಗಾಯಕ್ಕೂ ಲಸಿಕೆ ಬೇಕಾಗುತ್ತದೆ. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು. ಬೆಕ್ಕನ್ನು 10 ದಿನ ಗಮನಿಸುವ ಕ್ರಮವಿದೆ, ಆದರೆ ಆ ಹತ್ತು ದಿನ ಕಳೆಯಲೆಂದು ಲಸಿಕೆಯನ್ನು ತಡಮಾಡುವಂತಿಲ್ಲ. ಇದಲ್ಲದೆ ಪಾಶ್ಚುರೆಲ್ಲಾ ಸೋಂಕಿನಿಂದ ಮನುಷ್ಯರ ಕೈಯೂ ಒಂದೇ ದಿನದಲ್ಲಿ ಊದಿಕೊಳ್ಳಬಹುದು. ಬೆರಳ ಕೀಲಿನ ಬಳಿ ಕಚ್ಚಿದ್ದರೆ ಹೆಚ್ಚಿನ ಎಚ್ಚರ ಅಗತ್ಯ.

ತಡೆ

ಗಂಡುಬೆಕ್ಕಿಗೆ ಐದಾರು ತಿಂಗಳ ವಯಸ್ಸಿನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಅತ್ಯಂತ ಪರಿಣಾಮಕಾರಿ ಉಪಾಯ. 1973ರಲ್ಲಿ ಹಾರ್ಟ್ ಮತ್ತು ಬ್ಯಾರೆಟ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ವಯಸ್ಕ ಗಂಡುಬೆಕ್ಕುಗಳ ಪೈಕಿ ಹತ್ತರಲ್ಲಿ ಎಂಟಕ್ಕೂ ಹೆಚ್ಚಿನವು ಶಸ್ತ್ರಚಿಕಿತ್ಸೆಯ ಬಳಿಕ ಕಾದಾಟವನ್ನೂ ಅಲೆದಾಟವನ್ನೂ ಕಡಿಮೆ ಮಾಡಿದ್ದು ಕಂಡುಬಂದಿತು. ಶಸ್ತ್ರಚಿಕಿತ್ಸೆಯಾದ ಬೆಕ್ಕು ಇಲಿ ಹಿಡಿಯುವುದನ್ನು ಬಿಡುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಬೇಟೆಯ ಪ್ರವೃತ್ತಿ ಗಂಡು ಹಾರ್ಮೋನಿನಿಂದ ಬಂದುದಲ್ಲ. ರಾತ್ರಿ ಹೊತ್ತು ಬೆಕ್ಕನ್ನು ಒಳಗೆ ಕೂಡಿಹಾಕಿ, ಬೆಳಕಿಂಡಿಗೆ ತಂತಿಜಾಲರಿ ಹೊದಿಸಿದರೆ ಮಾಳಿಗೆಯ ಮೇಲಿನ ಬೆಕ್ಕು ಒಳಗಿಳಿಯುವುದೂ ತಪ್ಪುತ್ತದೆ.