ಮಿನುಗುತಾರೆಯ ಲೆಕ್ಕ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ಯಕ್ಷಗಾನದ ಹೆಣ್ಣು ಪಾತ್ರ ತಲೆಮಾರುಗಳಿಂದ ಗಂಡಸಿನದು. ಸ್ತ್ರೀವೇಷದವನಿಗೆ ವಯಸ್ಸಾದರೂ ಊರು ಆತನನ್ನು ಕಲಾವಿದ ಅಂತಲೇ ಕರೆಯುತ್ತೆ. ಇದೇ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬೆ ಜಾತ್ರೆಗೆ ನಾಟಕ ಕಂಪನಿಗಳು ಬಂದು ಡೇರೆ ಹಾಕುತ್ತವೆ. ಅಲ್ಲಿ ಹೆಣ್ಣು ಪಾತ್ರಕ್ಕೆ ಹೆಣ್ಣೇ ಬರುತ್ತಾಳೆ. ಚಪ್ಪಾಳೆ ಹೊಡೆದವನೇ ಹೊರಗೆ ಬಂದು ಬೀಡಿ ಹಚ್ಚಿ, ಅವಳದು ಯಾವ ಜಾತಿ, ಯಾರ ಜೊತೆ ಇದಾಳೆ ಅಂತ ವಿಚಾರಿಸುತ್ತಾನೆ. ಕಲ್ಪನಾಳ ಚರಿತ್ರೆಯನ್ನು ಈ ಡೇರೆಯ ಕಡೆಯಿಂದಲೇ ಓದಬೇಕು. ಆಕೆಯೂ ಕೊನೆಗೆ ಬಂದು ನಿಂತದ್ದು ಇಂಥದೇ ರಂಗದ ಮೇಲೆ.

1943ರಲ್ಲಿ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಶರತ್‌ಲತಾ, 1963ರ 'ಸಾಕು ಮಗಳು' ಚಿತ್ರದಿಂದ ಕಲ್ಪನಾ ಆದಳು. ನಾಲ್ಕು ವರ್ಷದ ಮೇಲೆ ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ' ಬಂತು. ತ್ರಿವೇಣಿಯವರ ಕಾದಂಬರಿ. ಹುಡುಗಿಯ ಮನೆಯಲ್ಲಿ ಗಂಡು ಕೂಸು ಹುಟ್ಟಿ ಆಸ್ತಿ ಕೈತಪ್ಪಿದ ಕೂಡಲೇ ಹುಡುಗ ಮದುವೆ ಮುರಿಯುತ್ತಾನೆ. ಮುಂದೆ ಮನಸ್ಸು ಬದಲಾಯಿಸಿ ಬಂದಾಗ ಅವಳು ಒಲ್ಲೆ ಅನ್ನುತ್ತಾಳೆ. ಆ 'ಒಲ್ಲೆ'ಯಲ್ಲಿ ಒಂದು ಬಂಡಾಯ ಇತ್ತು. ಆಮೇಲಿನ ಚಿತ್ರಗಳು ಅದನ್ನು ಮುಂದುವರಿಸಲಿಲ್ಲ ಅನ್ನೋದು ನನ್ನ ತಕರಾರು. 'ಗೆಜ್ಜೆಪೂಜೆ'ಯ (1969) ಚಂದ್ರಾ ಸೂಳೆಯ ಮಗಳೆಂಬ ಹಣೆಪಟ್ಟಿಯಿಂದ ಬಿಡಿಸಿಕೊಳ್ಳಲಾರದೆ ಸಾಯುತ್ತಾಳೆ. 'ಶರಪಂಜರ'ದ (1971) ಕಾವೇರಿಗೆ ಆಸ್ಪತ್ರೆಯಲ್ಲಿ ವಾಸಿಯಾದ ಹುಚ್ಚು ಮನೆಯಲ್ಲಿ ಮತ್ತೆ ಹಿಡಿಯುತ್ತೆ. ಮಧ್ಯಮವರ್ಗ ಕರ್ಚೀಫು ಒದ್ದೆ ಮಾಡಿಕೊಂಡು ಮನೆಗೆ ಹೋಯಿತು. ಅಷ್ಟು ಅತ್ತ ನಾಡಿನಲ್ಲಿ ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ ಬಂದದ್ದು 1982ರಲ್ಲಿ. ಸವದತ್ತಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ದಲಿತ ಹುಡುಗಿಯರ ಮೇಲೆ ಯಾವ ನಿರ್ಮಾಪಕನೂ ಅಷ್ಟು ದುಡ್ಡು ಹಾಕಿರಲಿಲ್ಲ.

'ಶರಪಂಜರ'ದ ನಂತರ ಪುಟ್ಟಣ್ಣ-ಕಲ್ಪನಾ ಜೋಡಿ ಒಡೆಯಿತು. ಪುಟ್ಟಣ್ಣನವರ ಚಿತ್ರಗಳಿಗೆ ಆರತಿ ಬಂದರು. ತಪ್ಪು ಯಾರದೆಂದು ಪಂಚಾಯ್ತಿ ಮಾಡಲು ನಾನು ಕೂತಿಲ್ಲ. ಆದರೆ ಗಂಡಸು ಹಟ ಹಿಡಿದರೆ ಸ್ವಾಭಿಮಾನ, ಹೆಂಗಸು ಹಿಡಿದರೆ ಸೊಕ್ಕು ಅನ್ನುವ ತಕ್ಕಡಿ ನಮ್ಮ ಊರಲ್ಲೂ ಇದೆ, ಗಾಂಧಿನಗರದಲ್ಲೂ ಇದೆ. 1974ರ 'ಎರಡು ಕನಸು', 1976ರ 'ಬಯಲು ದಾರಿ' ಎರಡನ್ನೂ ಜನ ಮೆಚ್ಚಿದರು. ಆದರೂ ಕರೆಗಳು ಕಡಿಮೆಯಾದವು.

ವಯಸ್ಸಿನ ಲೆಕ್ಕ ನೋಡಿ. 'ಎರಡು ಕನಸು' ಚಿತ್ರದ ನಾಯಕ ರಾಜಕುಮಾರ್ ಹುಟ್ಟಿದ್ದು 1929ರಲ್ಲಿ, ಕಲ್ಪನಾಗಿಂತ 14 ವರ್ಷ ದೊಡ್ಡವರು. 1983ರಲ್ಲಿ 'ಕವಿರತ್ನ ಕಾಳಿದಾಸ' ಬಂದಾಗ ಐವತ್ತು ದಾಟಿದ ಅವರೇ ನಾಯಕ. ನಾಯಕಿ ಜಯಪ್ರದಾಗೆ 21ರ ಆಸುಪಾಸು. ಇದು ರಾಜಕುಮಾರ್ ಮೇಲಿನ ದೂರಲ್ಲ. ಅವರೂ ಈಡಿಗರ ಮನೆಯಿಂದ ಬಂದು ಗುಬ್ಬಿ ಕಂಪನಿಯಲ್ಲಿ ದುಡಿದವರು. ಬಂಡವಾಳ ಹಾಕುವವನ ಕಣ್ಣಿಗೆ ಗಂಡಿನ ಸುಕ್ಕು ಕಾಣಿಸೋದಿಲ್ಲ, ಅಷ್ಟೆ.

ಸಿನಿಮಾ ಕೈಬಿಟ್ಟ ಮೇಲೆ ಕಲ್ಪನಾ ಗುಡಗೇರಿ ಬಸವರಾಜರ ನಾಟಕ ಕಂಪನಿಯ ಜೊತೆ ಉತ್ತರ ಕರ್ನಾಟಕದ ಊರೂರು ತಿರುಗಿದಳು. ತೆರೆಯ ಮೇಲೆ ಕಂಡವಳನ್ನು ಹತ್ತಿರದಿಂದ ನೋಡಬೇಕು ಅಂತ ಜನ ಟಿಕೇಟು ಕೊಂಡು ಬಂದರು. 1979ರ ಮೇ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹತ್ತಿರ, ಗೋಟೂರಿನ ಪ್ರವಾಸಿ ಬಂಗಲೆಯಲ್ಲಿ ತೀರಿಕೊಂಡಳು. 35 ವರ್ಷ.

ಆ ರಾತ್ರಿಯ ಬಗ್ಗೆ ನೂರೆಂಟು ಕತೆ ಹುಟ್ಟಿದವು. ಕೊನೆಗೆ ಯಾರ ಜೊತೆಗಿದ್ದಳು ಅಂತ ಇವತ್ತಿಗೂ ಕೇಳುವವರಿದ್ದಾರೆ. 'ಬಯಲು ದಾರಿ'ಯಾದ ಮೂರೇ ವರ್ಷಕ್ಕೆ ಆಕೆಗೆ ಪಾತ್ರ ಯಾಕೆ ಇರಲಿಲ್ಲ ಅಂತ ಕೇಳಿದವರನ್ನು ನಾನು ಕಂಡಿಲ್ಲ.